‘ಬರೇ ಐದು ನಿಮಿಷ ಬಿಚ್ಚಿದ್ದೆ’ ಅನ್ನುವ ತಬಲಾ ಮಾಸ್ತರರಿಗೆ

ಧಾರವಾಡದಲ್ಲಿ ಕೈಗೆ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟ್ ನಾನು. ಈ ಊರಲ್ಲಿ ಈ ಕೆಲಸ ಮಾಡುವವರಿಗೆ ಸಂಗೀತಗಾರರ ಕೈ ನೋಡುವುದು ತಪ್ಪುವುದಿಲ್ಲ. ತಂತಿ ಜಗ್ಗಿ ಸ್ವರ ಜಾರಿಸುವ ಮೀಂಡ್ ಎಳೆದೆಳೆದು ನೋವು ಬಂದ ಸಿತಾರಿನವರ ಎಡಗೈ, ಹಾರ್ಮೋನಿಯಂ ಮಾಸ್ತರರ ಮಣಿಕಟ್ಟು, ಎಲ್ಲವೂ ಬರುತ್ತವೆ. ಇವತ್ತು ಅವನ್ನೆಲ್ಲ ಬಿಟ್ಟು ಒಂದೇ ಒಂದು ಪೆಟ್ಟಿನ ಬಗ್ಗೆ ಬರೆಯುತ್ತೇನೆ. ಏಕೆಂದರೆ ಇದರಲ್ಲಿ ಎಲ್ಲರೂ ಅದೇ ತಪ್ಪನ್ನು ಮಾಡಿಕೊಂಡು ಬರುತ್ತಾರೆ.

ಬೆರಳಿನ ತುದಿ ಕೆಳಗೆ ಬಾಗಿರುತ್ತದೆ. ಇನ್ನೊಂದು ಕೈಯಿಂದ ಎತ್ತಿದರೆ ಏಳುತ್ತದೆ, ಬಿಟ್ಟರೆ ಮತ್ತೆ ಬೀಳುತ್ತದೆ. ಇದಕ್ಕೆ ಮ್ಯಾಲೆಟ್ ಫಿಂಗರ್ ಅನ್ನುತ್ತಾರೆ. ಕ್ರಿಕೆಟ್ ಚೆಂಡು ಬೆರಳ ತುದಿಗೆ ಬಡಿದರೆ ಆಗಬಹುದು. ಗಾದಿಯ ಕೆಳಗೆ ಚಾದರ ಸಿಗಿಸುವಾಗಲೂ ಆಗಬಹುದು. ಎಷ್ಟೋ ಜನರಿಗೆ ನೋವೇ ಇರುವುದಿಲ್ಲ. ಹಾಗಾಗಿ ‘ತಾನಾಗೇ ಸರಿ ಹೋಗುತ್ತದೆ’ ಅಂತ ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುತ್ತಾ ಕೂಡುತ್ತಾರೆ. ದಯವಿಟ್ಟು ತಿಕ್ಕಿಸಬೇಡಿ, ಮೊದಲು ಎಕ್ಸ್‌ರೇ ಮಾಡಿಸಿ. ಎಲುಬಿನ ದೊಡ್ಡ ಚೂರು ಕಿತ್ತಿದ್ದರೆ, ಕೀಲು ಜಾರಿದ್ದರೆ ಅಥವಾ ಚರ್ಮ ಹರಿದಿದ್ದರೆ ಮೂಳೆ ಡಾಕ್ಟರು ಬೇರೆ ದಾರಿ ಹೇಳಬಹುದು. ಮಕ್ಕಳ ಬೆರಳಾದರೆ ಇನ್ನೂ ಹುಷಾರಾಗಿರಬೇಕು.

ಅಂಥದ್ದೇನೂ ಇಲ್ಲದಿದ್ದರೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ಕೊನೆಯ ಕೀಲು ನೆಟ್ಟಗೆ ನಿಲ್ಲುವಂತೆ ಒಂದು ಚಿಕ್ಕ ಸ್ಪ್ಲಿಂಟ್, ಅಂದರೆ ಬೆರಳು ಬಾಗದಂತೆ ಹಿಡಿಯುವ ಪಟ್ಟಿ, ಹಾಕುತ್ತೇವೆ. 6ರಿಂದ 8 ವಾರ, ಹಗಲೂ ರಾತ್ರಿ. ಸ್ನಾನ ಮಾಡುವಾಗಲೂ ಇರಬೇಕು, ರೊಟ್ಟಿ ಮುರಿಯುವಾಗಲೂ ಇರಬೇಕು. ಇಷ್ಟು ಹೇಳಿದಾಗ ಎಲ್ಲರೂ ತಲೆ ಆಡಿಸುತ್ತಾರೆ. ನಾಲ್ಕನೇ ವಾರಕ್ಕೆ ಬಂದು, “ಮೇಡಂ, ಬರೇ ಐದ ನಿಮಿಷ ಬಿಚ್ಚಿದ್ದೆರೀ” ಅನ್ನುತ್ತಾರೆ.

ಆ ಐದು ನಿಮಿಷದಲ್ಲಿ ಏನಾಗುತ್ತದೆ ಅಂತ ಬಿಡಿಸಿ ಹೇಳುತ್ತೇನೆ. ಬೆರಳಿನ ಬೆನ್ನ ಮೇಲೆ ತೆಳ್ಳಗಿನ ಒಂದು ಟೆಂಡನ್, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರು, ಓಡುತ್ತದೆ. ಉಗುರಿನ ಬುಡದ ಹತ್ತಿರ ಎಲುಬಿಗೆ ಅಂಟಿಕೊಂಡು ತುದಿಯನ್ನು ಮೇಲೆ ಎತ್ತುವುದು ಅದೇ. ಕಿತ್ತು ಹೋಗಿರುವುದೂ ಅದೇ. ತುದಿ ನೆಟ್ಟಗಿದ್ದಾಗ ಮಾತ್ರ ಕಿತ್ತ ಎರಡು ಅಂಚುಗಳು ಹತ್ತಿರ ಬರುತ್ತವೆ. ನಡುವೆ ಹೊಸ ಎಳೆಗಳು ಹುಟ್ಟಿ, ನಿಧಾನವಾಗಿ ಗಟ್ಟಿಯಾಗುತ್ತವೆ. ತುದಿ ಒಂದು ಸಲ ಬಾಗಿದರೆ ಆ ಹಸಿ ಎಳೆಗಳು ಜಗ್ಗುತ್ತವೆ ಅಥವಾ ಹರಿಯುತ್ತವೆ. ಆಮೇಲೆ ಕೂಡಿಕೊಂಡರೂ ಟೆಂಡನ್ ಉದ್ದವಾಗಿಯೇ ಕೂಡುತ್ತದೆ. ತಬಲಾದ ಬಾರು ಸಡಿಲಾದರೆ ಸ್ವರ ಇಳಿಯುತ್ತದಲ್ವಾ, ಹಾಗೆ ಬೆರಳ ತುದಿ ಇಳಿದೇ ನಿಲ್ಲುತ್ತದೆ. ಅದಕ್ಕೇ ತುದಿ ಒಂದು ಸಲ ಬಾಗಿದರೂ ಆ ದಿನವೇ ಮೊದಲನೇ ದಿನ. ಎಣಿಕೆ ಹೊಸದಾಗಿ ಶುರುವಾಗುತ್ತದೆ.

ಸಂಗೀತಗಾರರು ತಪ್ಪು ತಿಳಿಯುವುದು ಇಲ್ಲಿಯೇ. ಗದಗ ಕಡೆಯ ತಬಲಾ ಮಾಸ್ತರರೊಬ್ಬರು ಬಂದಿದ್ದರು. ಬಲಗೈ ತೋರುಬೆರಳು. ಐದು ವಾರ ನಿಷ್ಠೆಯಿಂದ ಸ್ಪ್ಲಿಂಟ್ ಹಾಕಿಕೊಂಡಿದ್ದರು. ಶ್ರಾವಣದ ಭಜನಿ ಹತ್ತಿರ ಬಂತು, ಕೈ ತಡೆಯಲಿಲ್ಲ. “ಜೋರಾಗಿ ಬಾರಿಸಿಲ್ಲರೀ. ಮೆಲ್ಲಕ ಒಂದೆರಡು ‘ನಾ’ ನುಡಿಸಿ ನೋಡಿದೆ, ಅಷ್ಟ. ನೋವೂ ಆಗ್ಲಿಲ್ಲ” ಅಂದರು. ‘ನಾ’ ಅಂದರೆ ತೋರುಬೆರಳಿನಿಂದ ನುಡಿಸುವ ತಬಲಾ ಬೋಲ್. ಮೆಲ್ಲಗೆ ನುಡಿಸಿದರೆ ಏನೂ ಆಗುವುದಿಲ್ಲ ಅಂತ ಅವರ ನಂಬಿಕೆ. ಆದರೆ ಹಾಳಾದದ್ದು ನುಡಿಸಿದ್ದರಿಂದಲ್ಲ. ಸ್ಪ್ಲಿಂಟ್ ಕಳಚಿದ ಕ್ಷಣ ತುದಿ ತಾನಾಗಿ ಕೆಳಗೆ ಬಿತ್ತು, ಕೈ ತಬಲಾ ಮುಟ್ಟುವ ಮೊದಲೇ ಕೆಲಸ ಕೆಟ್ಟಿತ್ತು. ನೋವಾಗಲಿಲ್ಲ ಅನ್ನುವುದೂ ಸಮಾಧಾನದ ಮಾತಲ್ಲ. ಈ ಹಸಿ ಎಳೆಗಳು ಸದ್ದಿಲ್ಲದೆ ಜಗ್ಗುತ್ತವೆ.

ನನಗೆ ಸಿಟ್ಟು ಬಂತು, ನಿಜ. ಆದರೆ ಅವರು ಬಿಚ್ಚಿದ್ದು ಯಾಕೆ ಅಂತಲೂ ಗೊತ್ತಿತ್ತು. ಏಳನೇ ವಯಸ್ಸಿನಿಂದ ನುಡಿಸಿದ ಬೆರಳು. ಅದು ಇನ್ನೂ ನುಡಿಯುತ್ತದೋ ಇಲ್ಲವೋ ಅನ್ನುವ ಹೆದರಿಕೆಯಲ್ಲಿ ರಾತ್ರಿ ನಿದ್ದೆ ಇರಲಿಲ್ಲ ಅವರಿಗೆ. ಅವರ ಹೆಂಡತಿಯೇ ಹೇಳಿದರು. ಈ ಹೆದರಿಕೆ ಬಂದಾಗ ನನಗೆ ಫೋನ್ ಮಾಡಿ. ರಾತ್ರಿ ಹತ್ತಾದರೂ ಪರವಾಗಿಲ್ಲ, ಸ್ಪ್ಲಿಂಟ್ ಮಾತ್ರ ಬಿಚ್ಚಬೇಡಿ.

ತೊಳೆಯಲೂ ಬಿಚ್ಚಬಾರದಾ ಅಂತ ಕೇಳುತ್ತಾರೆ. ಬಿಚ್ಚಬಹುದು, ಆದರೆ ಹೀಗೆ. ಮೇಜಿನ ಮೇಲೆ ಅಂಗೈ ಕೆಳಗೆ ಮಾಡಿ ಇಡಿ. ಸ್ಪ್ಲಿಂಟನ್ನು ಮುಂದಕ್ಕೆ ಸರಿಸಿ ತೆಗೆಯಿರಿ. ಬೆರಳ ತುದಿ ಮೇಜು ಬಿಟ್ಟು ಏಳಬಾರದು, ಅಂಚಿನಿಂದ ಕೆಳಗೂ ಇಳಿಯಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಮತ್ತೆ ಹಾಕಿ. ಮನೆಯವರು ಒಬ್ಬರು ತುದಿಯನ್ನು ಕೆಳಗಿನಿಂದ ಹಿಡಿದುಕೊಂಡರೆ ಇನ್ನೂ ಒಳ್ಳೆಯದು. ಕೀಲಿನ ಮೇಲಿನ ಚರ್ಮ ಬಿಳಿಚಿಕೊಂಡಿದ್ದರೆ ಬೆರಳು ಜಾಸ್ತಿ ಹಿಂದಕ್ಕೆ ಬಾಗಿದೆ ಅಂತ ಅರ್ಥ. ತಕ್ಷಣ ಬಂದು ತೋರಿಸಿ.

ನಡುವಿನ ಕೀಲು ಮಾತ್ರ ಆಡುತ್ತಿರಲಿ, ಅದನ್ನು ಕಟ್ಟಿ ಕೂಡಿಸಬೇಡಿ. ರಿಯಾಜ್ ಕೂಡ ನಿಲ್ಲಿಸಬೇಕಿಲ್ಲ. ಎಡಗೈ ಇದೆ, ಅದರಲ್ಲಿ ನುಡಿಸುವ ಡಗ್ಗಾ ಇದೆ. ಬೋಲ್‌ಗಳನ್ನು ಬಾಯಲ್ಲಿ ಹೇಳುವ ಪಢಂತ್ ಇದೆ. ಕೈಯಲ್ಲಿ ತಾಳ ಹಾಕಿಕೊಂಡು ಕಾಯ್ದಾ (ತಬಲಾದ ಒಂದು ಬಗೆಯ ರಚನೆ) ಪೂರ್ತಿ ಬಾಯಲ್ಲಿ ಹೇಳಿ, ಲಯ ಎಲ್ಲಿ ಜಾರುತ್ತದೆ ಅಂತ ಗೊತ್ತಾಗುತ್ತದೆ. ಮಾಸ್ತರರು ಎರಡನೇ ಸಲದ ಎಂಟು ವಾರ ಕಳೆದದ್ದು ಹೀಗೆಯೇ. ಶಿಷ್ಯರಿಗೆ ಪಾಠವೂ ತಪ್ಪಲಿಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ನೆರಳಲ್ಲಿ ಕಣ್ಣು ಕಾಣದ ಎಷ್ಟೋ ಜನ ಸಂಗೀತ ಕಲಿತಿದ್ದಾರೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಹಾಕಿಕೊಟ್ಟ ದಾರಿ ಅದು. ಬ್ರೈಲ್ ಓದುವವರಿಗೆ ಬೆರಳ ತುದಿ ಬರೀ ವಾದ್ಯಕ್ಕಲ್ಲ, ಓದಿಗೂ ಬೇಕು. ಅಂಥವರು ಮೊದಲೇ ಹೇಳಬೇಕು. ಬೆರಳಿನ ಬೆನ್ನಿನ ಕಡೆಯಿಂದ ಹಾಕುವ ಸ್ಪ್ಲಿಂಟ್ ಇದೆ. ಅದರಲ್ಲಿ ತುದಿಯ ಒಳಬದಿ ಬಹುಪಾಲು ಬಯಲಾಗಿರುತ್ತದೆ. ಎಲ್ಲರಿಗೂ ಅದೇ ಹೊಂದುತ್ತದೆ ಅಂತಲ್ಲ, ಕೈ ನೋಡಿ ಹೇಳಬೇಕು.

ಇನ್ನು ಜ್ಯಾಂಗೋ ರೈನ್ಹಾರ್ಟ್ ವಿಷಯ. 1928ರಲ್ಲಿ ಬೆಂಕಿ ಅನಾಹುತದಲ್ಲಿ ಎಡಗೈಯ ಉಂಗುರ ಬೆರಳು, ಕಿರುಬೆರಳು ಸುಟ್ಟರೂ, ಹೆಚ್ಚಾಗಿ ಉಳಿದ ಎರಡು ಬೆರಳುಗಳಲ್ಲೇ ಗಿಟಾರ್ ನುಡಿಸಿ ಹೆಸರಾದವರು. ರೋಗಿಗಳ ಮಕ್ಕಳು ಮೊಬೈಲಿನಲ್ಲಿ ಅವರನ್ನು ತೋರಿಸಿ, “ಅವರು ನುಡಿಸಿದರಲ್ಲ, ಅಪ್ಪ ಯಾಕೆ ಕಾಯಬೇಕು?” ಅನ್ನುತ್ತಾರೆ. ಅವರೂ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. ಅವರ ಬೆರಳು ಮತ್ತೆ ಮೊದಲಿನಂತೆ ಆಗುವ ಹಾಗಿರಲಿಲ್ಲ, ಅದಕ್ಕೆ ಹೊಸ ಬೆರಳುಗಾರಿಕೆ ಹುಡುಕಿದರು. ನಿಮ್ಮ ಬೆರಳು ಸರಿಯಾಗುವ ಬೆರಳು. ಕಾಯುವುದಕ್ಕೆ ಅರ್ಥ ಇದೆ.

ಅವಧಿ ಮುಗಿದ ಮೇಲೂ ಇನ್ನು ಕೆಲವು ವಾರ ರಾತ್ರಿ ಹೊತ್ತು ಸ್ಪ್ಲಿಂಟ್ ಇರಲಿ. ಮೊದಲ ದಿನವೇ ಇನ್ನೊಂದು ಕೈಯಿಂದ ಒತ್ತಿ ತುದಿ ಬಾಗಿಸಬೇಡಿ, ಅದು ತಾನಾಗಿ ಬಾಗಲಿ. ನುಡಿಸುವುದನ್ನು ನಿಮಿಷಗಳಲ್ಲಿ ಶುರು ಮಾಡಿ, ವಿಲಂಬಿತದಲ್ಲಿ, ಮೆದು ಕೈಯಲ್ಲಿ. ಮರುದಿನ ಬೆಳಿಗ್ಗೆ ತುದಿ ನಿನ್ನೆಗಿಂತ ಇಳಿದಿದ್ದರೆ ಸ್ಪ್ಲಿಂಟ್ ಹಾಕಿಕೊಂಡು ಬನ್ನಿ. ತುದಿ ಚೂರು ಇಳಿದೇ ಉಳಿಯುವುದುಂಟು. ಸಾಮಾನ್ಯವಾಗಿ ಕೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಆದರೂ ತೋರುಬೆರಳಿನ ‘ನಾ’ದಲ್ಲಿ ವ್ಯತ್ಯಾಸ ಕೇಳಿಸುತ್ತದೆಯೇ ಅಂತ ನುಡಿಸಿಯೇ ನೋಡಬೇಕು. ಹಾಗಾಗಿ ಕೊನೆಯ ತಪಾಸಣೆಗೆ ಬರುವಾಗ ತಬಲಾ ಜೊತೆಗೆ ತನ್ನಿ. ಬಸ್ಸಲ್ಲಿ ತರುವುದು ಕಷ್ಟ ಅಂದರೆ ಬಲಗೈಯಲ್ಲಿ ನುಡಿಸುವ ದಾಯಾ ಒಂದೇ ಸಾಕು.