ಮೆಮೊರಿ ಕಾರ್ಡ್ ಜಾಗದಲ್ಲಿ ಸರ್ಕ್ಯೂಟ್: ಎಂಟು ಪಿನ್‌ಗಳ ಹಿನ್ನೆಲೆ

ಅಂಗೈ ಕಂಪ್ಯೂಟರಿನ ಮೆಮೊರಿ ಕಾರ್ಡ್ ಸ್ಲಾಟಿಗೆ ನಾವೇ ಮಾಡಿದ ಸರ್ಕ್ಯೂಟ್ ಜೋಡಿಸಬಹುದಾ? ಕೆಲವರು ಸುಲಭ ಅನ್ನುತ್ತಾರೆ, ಕೆಲವರು ಸಾಧ್ಯವೇ ಇಲ್ಲ ಅನ್ನುತ್ತಾರೆ. ಎರಡೂ ನಿಜ. ಒಳಗಿನ ಸರ್ಕ್ಯೂಟ್ ನಕ್ಷೆ ನಮ್ಮ ಕೈಲಿದೆಯಾ ಇಲ್ಲವಾ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಈ ಯೋಚನೆ ಹಳೆಯದು. ಮೊದಲು ಮೆಮೊರಿಗೆಂದೇ ಬಂದ, ಲ್ಯಾಪ್‌ಟಾಪಿನ ಪಿಸಿಎಂಸಿಐಎ ಕಾರ್ಡ್, 1991ರ ಹೊತ್ತಿಗೆ ಮೋಡೆಮ್‌ಗೂ ಜಾಗ ಕೊಟ್ಟಿತು. 1994ರಲ್ಲಿ ಕಾಂಪ್ಯಾಕ್ಟ್‌ಫ್ಲಾಶ್ ಎಂಬ ಮೆಮೊರಿ ಕಾರ್ಡ್, 1999ರಲ್ಲಿ ಎಸ್‌ಡಿ ಕಾರ್ಡ್, ಆಮೇಲೆ ಅದೇ ಸ್ಲಾಟಿಗೆ ವೈಫೈ, ಜಿಪಿಎಸ್ ಕಾರ್ಡ್‌ಗಳು ಬಂದವು. ಆದರೆ ಇವೆಲ್ಲ ಕಂಪನಿಗಳು ಕಂಪನಿಗಳಿಗಾಗಿ ಬರೆದುಕೊಂಡ ನಿಯಮಗಳು. ಮನೆಯಲ್ಲಿ ಕೂತು ಬೆಸುಗೆ ಹಾಕುವವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಮಾಡಿದ ನಮ್ಮ ಬೆಂಗಳೂರಿನ ತಂಡ 2001ರ ಸುಮಾರಿಗೇ ಹಾರ್ಡ್‌ವೇರ್ ವಿನ್ಯಾಸವನ್ನು ಹಂಚಲು ಪ್ರತ್ಯೇಕ ಲೈಸೆನ್ಸ್ ಬರೆದಿತ್ತು. ಅದು ಎಷ್ಟು ಮುಂದಿನ ಯೋಚನೆ, ಅಲ್ವಾ?

ನಿಜವಾದ ತಿರುವು 2010ರಲ್ಲಿ ಮಾರಾಟಕ್ಕೆ ಬಂದ ಬೆನ್ ನ್ಯಾನೋನೋಟ್ ಎಂಬ ಅಂಗೈ ಕಂಪ್ಯೂಟರ್. ಬೆಲೆ 99 ಡಾಲರ್. ಮೂರು ಇಂಚಿನ ಪರದೆ, ಪುಟ್ಟ ಕೀಬೋರ್ಡ್, 336 ಮೆಗಾಹರ್ಟ್ಸ್ ಪ್ರೊಸೆಸರ್, 32 ಎಂಬಿ ರ‍್ಯಾಮ್, ಒಳಗೆ ಲಿನಕ್ಸ್. ವೈಫೈ ಇರಲಿಲ್ಲ, ಬ್ಲೂಟೂತ್ ಕೂಡ ಇರಲಿಲ್ಲ. ಸರ್ಕ್ಯೂಟ್ ನಕ್ಷೆ ಮಾತ್ರ ಎಲ್ಲರಿಗೂ ಸಿಗುತ್ತಿತ್ತು.

ಇದರ ಸ್ಲಾಟಿಗೆ ಹೋಗುವ ಮೈಕ್ರೋಎಸ್‌ಡಿ (ಎಸ್‌ಡಿಯ ಪುಟ್ಟ ರೂಪ) ಕಾರ್ಡಿಗೆ ಎಂಟು ಪಿನ್. ಎರಡು ವಿದ್ಯುತ್ತಿಗೆ, ಒಂದು ಕ್ಲಾಕ್‌ಗೆ (ಕೆಲಸದ ತಾಳ ಹಿಡಿಯುವ ಸಿಗ್ನಲ್), ಒಂದು ಆದೇಶಕ್ಕೆ, ಉಳಿದ ನಾಲ್ಕು ಡೇಟಾಗೆ. ಈ ಸಾಧನದಲ್ಲಿ ವಿದ್ಯುತ್ತಿನ ಎರಡು ಬಿಟ್ಟು ಉಳಿದ ಆರನ್ನೂ ಕಾರ್ಡಿನ ಕೆಲಸದಿಂದ ಬಿಡಿಸಿ, ಸಾಫ್ಟ್‌ವೇರ್ ಹೇಳಿದಂತೆ ಆನ್-ಆಫ್ ಆಗುವ ಸಾದಾ ಪಿನ್ ಮಾಡಬಹುದಿತ್ತು. ನಕ್ಷೆ ಇಲ್ಲದಿದ್ದರೆ ಯಾವ ಪಿನ್ ಎಲ್ಲಿಗೆ ಹೋಗಿದೆ ಅಂತ ಊಹಿಸಬೇಕಿತ್ತು.

ನ್ಯಾನೋನೋಟ್ ಯೋಜನೆಯಲ್ಲಿದ್ದ ವರ್ನರ್ ಆಲ್ಮೆಸ್‌ಬರ್ಗರ್ ಕಾರ್ಡಿನ ಆಕಾರದ ತೆಳು ಬೋರ್ಡೊಂದನ್ನು ಮಾಡಿದರು. ಹೆಸರು ಯುಬಿಬಿ. ಅದರಲ್ಲಿ ಚಿಪ್ ಇಲ್ಲ. ಸ್ಲಾಟಿನ ಪಿನ್‌ಗಳನ್ನು ಸುಮ್ನೆ ಹೊರಗೆ ತರುತ್ತದೆ, ತಂತಿ ಬೆಸೆಯಲು ಜಾಗ ಕೊಡುತ್ತದೆ. ಅಷ್ಟು ಸಾಕಾಯಿತು. ವಿಜಿಎ ಎಂಬ ಹಳೆಯ ಬಗೆಯ ಜೋಡಣೆಯ ಮಾನಿಟರಿಗೆ ಮೂರು ಬಣ್ಣ, ಚಿತ್ರದ ಸಾಲುಗಳನ್ನು ಹೊಂದಿಸುವ ಎರಡು ಸಿಂಕ್, ಒಟ್ಟು ಐದು ಸಿಗ್ನಲ್ ಬೇಕು. ಇಲ್ಲಿ ಆರಿವೆ! ಹಾಗೆ ಈ ಪುಟ್ಟ ಯಂತ್ರದಿಂದ ದೊಡ್ಡ ಮಾನಿಟರಿಗೆ ಚಿತ್ರ ಬಂತು. ಮುಂದೆ ಅದೇ ಸ್ಲಾಟಿಗೆ ಆಟ್‌ಬೆನ್ ಎಂಬ 2.4 ಗಿಗಾಹರ್ಟ್ಸ್ ರೇಡಿಯೋ ಕಾರ್ಡ್ ಬಂತು.

ತೊಂದರೆಗಳೂ ಇದ್ದವು. ಬೋರ್ಡ್ ಹಾಕಿದರೆ ಮೆಮೊರಿ ಕಾರ್ಡಿಗೆ ಜಾಗವಿಲ್ಲ, ಒಳಗಿನ 2 ಜಿಬಿಯಲ್ಲೇ ಸುಧಾರಿಸಬೇಕು. ಈ ಪಿನ್‌ಗಳದ್ದು 3.3 ವೋಲ್ಟ್ ಲೆಕ್ಕ. 5 ವೋಲ್ಟಿನ ಸೆನ್ಸರನ್ನು ನೇರವಾಗಿ ಜೋಡಿಸಿದರೆ ಪ್ರೊಸೆಸರೇ ಹೋಗಬಹುದು.

2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬ ಒಂದೇ ಬೋರ್ಡಿನ ಕಂಪ್ಯೂಟರ್ 26 ಪಿನ್‌ಗಳನ್ನು ನೇರವಾಗಿ ಹೊರಗೇ ಕೊಟ್ಟಿತು. ಹೀಗಾಗಿ ಜಾಸ್ತಿ ಜನ ಆ ಕಡೆ ಹೋದರು. ಆದರೆ ಅದಕ್ಕೆ ಪರದೆ, ಕೀಬೋರ್ಡ್, ಬ್ಯಾಟರಿ ಎಲ್ಲವನ್ನೂ ಬೇರೆ ಹೊಂದಿಸಬೇಕು. ಜೇಬಿನಿಂದ ತೆಗೆದು ಹೊಲದಲ್ಲೋ ರಸ್ತೆಯಲ್ಲೋ ಅಳತೆ ಮಾಡಬೇಕೆನ್ನುವವರಿಗೆ ಹಳೆಯ ದಾರಿಯೇ ಚೆನ್ನಾಗಿತ್ತು. ಈಗಿನ ಎಷ್ಟೋ ಫೋನ್‌ಗಳಲ್ಲಿ ಸ್ಲಾಟೇ ಇಲ್ಲ, ಇದ್ದರೂ ನಕ್ಷೆ ಸಿಗುವುದಿಲ್ಲ. ಆಟ್‌ಬೆನ್ ರೇಡಿಯೋದ್ದೇ ಯುಎಸ್‌ಬಿ ರೂಪವಾದ ಆಟ್‌ಯುಎಸ್‌ಬಿಯ ಡ್ರೈವರ್ (ಅದನ್ನು ನಡೆಸುವ ಸಾಫ್ಟ್‌ವೇರ್) ಮಾತ್ರ ಲಿನಕ್ಸಿನ ತಿರುಳಾದ ಕರ್ನಲ್ ಸೇರಿ, ನ್ಯಾನೋನೋಟ್ ಇಲ್ಲದವರಿಗೂ ಕೆಲಸಕ್ಕೆ ಬಂತು.