ಫೇರ್ ಡೀಲಿಂಗ್ ಅಂದರೇನು? ನೊಟೇಶನ್ ಪುಸ್ತಕ ಜೆರಾಕ್ಸ್ ಮಾಡಿಸುವವರಿಗಾಗಿ

ನೊಟೇಶನ್ ಪುಸ್ತಕದ (ಹಾಡಿನ ಸ್ವರ ಬರೆದಿಟ್ಟ ಪುಸ್ತಕ) ಹತ್ತು ಪರ್ಸೆಂಟ್ ಜೆರಾಕ್ಸ್ ಮಾಡಿಸಿದರೆ ತಪ್ಪಿಲ್ಲ ಅನ್ನೋ ಮಾತನ್ನು ನೀವೂ ಕೇಳಿರಬಹುದು. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಅಂಥ ಲೆಕ್ಕ ಎಲ್ಲೂ ಇಲ್ಲ. ಅಮೆರಿಕದಲ್ಲಿ 1976ರಲ್ಲಿ ಸಂಗೀತ ಪ್ರಕಾಶಕರೂ ಶಿಕ್ಷಕರ ಸಂಘಗಳೂ ಒಪ್ಪಿಕೊಂಡ ಒಂದು ಮಾರ್ಗಸೂಚಿಯಲ್ಲಿ ಹತ್ತು ಪರ್ಸೆಂಟ್ ಮಿತಿ ಇದೆ. ಬಹುಶಃ ಅದೇ ಇಲ್ಲಿಗೂ ಬಂದಿದೆ.

ನಮ್ಮಲ್ಲಿರುವುದು ಫೇರ್ ಡೀಲಿಂಗ್. 1957ರ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಬರುತ್ತದೆ. ಸ್ವಂತ ಬಳಕೆ, ಸಂಶೋಧನೆ, ವಿಮರ್ಶೆ, ಸುದ್ದಿ ವರದಿ, ಇಂಥ ಕೆಲಸಕ್ಕೆ ಇನ್ನೊಬ್ಬರ ಕೃತಿಯನ್ನು ನ್ಯಾಯವಾಗಿ ಬಳಸಿಕೊಂಡರೆ ಅನುಮತಿ ಬೇಕಿಲ್ಲ. ಎಷ್ಟು ಪುಟ ಅನ್ನುವುದಕ್ಕಿಂತ ಯಾಕೆ ಅನ್ನುವುದು ಮೊದಲು ಬರುತ್ತದೆ. ಆಮೇಲೆ ಎಷ್ಟು ತೆಗೆದುಕೊಂಡಿರಿ, ಅದರಿಂದ ಪುಸ್ತಕದ ಮಾರಾಟಕ್ಕೆ ಪೆಟ್ಟು ಬೀಳುತ್ತದಾ ಅಂತ ನೋಡುತ್ತಾರೆ. ಮನೇಲಿ ಅಭ್ಯಾಸಕ್ಕೆ ಒಂದು ವರ್ಣದ (ಕರ್ನಾಟಕ ಸಂಗೀತದ ಒಂದು ಬಗೆಯ ರಚನೆ) ಎರಡು ಪುಟ ಜೆರಾಕ್ಸ್ ಮಾಡಿಸಿಕೊಂಡರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಡೀ ಪುಸ್ತಕಕ್ಕೆ ಸ್ಪೈರಲ್ ಬೈಂಡಿಂಗ್ ಹಾಕಿಸಿ ಹತ್ತು ಜನಕ್ಕೆ ಹಂಚಿದರೆ ಅದು ಫೇರ್ ಅಲ್ಲ, ಪುಸ್ತಕ ಕೊಳ್ಳದೇ ಇರೋಕೆ ಒಂದು ದಾರಿ ಅಷ್ಟೇ.

ಆದರೆ ಈ ಪ್ರಶ್ನೆ ಏಳುವುದೇ ಕೃತಿಗೆ ಇನ್ನೂ ಕಾಪಿರೈಟ್ ಇದ್ದಾಗ. ಗೊಂದಲ ಜಾಸ್ತಿ ಇರುವುದೂ ಇಲ್ಲೇ. ಒಂದು ಪುಟದ ನೊಟೇಶನ್‌ನಲ್ಲಿ ಸಾಹಿತ್ಯ ಒಬ್ಬರದು, ರಾಗ ಹಾಕಿದ್ದು ಇನ್ನೊಬ್ಬರು, ಸ್ವರ ಬರೆದು ಅಚ್ಚು ಹಾಕಿಸಿದ್ದು ಮತ್ತೊಬ್ಬರು ಆಗಿರಬಹುದು. 1994ರ ತಿದ್ದುಪಡಿಗೆ ಮೊದಲು ಕಾಯ್ದೆಯ ಲೆಕ್ಕದಲ್ಲಿ ಸಂಗೀತ ಕೃತಿ ಅಂದರೆ ಬರೆದಿಟ್ಟದ್ದು ಮಾತ್ರ ಆಗಿತ್ತು. (ಕಿವಿಯಿಂದ ಕಿವಿಗೆ ಸಂಗೀತ ಬಂದಿರೋ ನಮ್ಮ ದೇಶದಲ್ಲಿ!) ಈಗ ಬರೆಯದ ಸಂಗೀತಕ್ಕೂ ರಕ್ಷಣೆ ಇದೆ, ನೊಟೇಶನ್ ಕೂಡ ಅದರೊಳಗೇ ಸೇರುತ್ತದೆ. ಸಾಹಿತ್ಯ ಮಾತ್ರ ಬೇರೆ ಕೃತಿ, ಅದಕ್ಕೆ ಬೇರೆ ಅವಧಿ.

ಅವಧಿ ಅಂದರೆ ಕರ್ತೃ ಬದುಕಿರುವವರೆಗೆ, ಆಮೇಲೆ ಮುಂದಿನ ಜನವರಿಯಿಂದ 60 ವರ್ಷ. ತ್ಯಾಗರಾಜರು, ದೀಕ್ಷಿತರ ಕೃತಿಗಳು ಎಂದೋ ಮುಕ್ತ, ಅಂದರೆ ಕಾಪಿರೈಟ್ ಇಲ್ಲ, ಯಾರು ಬೇಕಾದರೂ ಬಳಸಬಹುದು. ಮೈಸೂರು ವಾಸುದೇವಾಚಾರ್ಯರು 1961ರಲ್ಲಿ ತೀರಿಕೊಂಡರು, ಹಾಗಾಗಿ ಅವರ ಕೃತಿಗಳು 2022ರ ಜನವರಿ 1ರಿಂದ ಮುಕ್ತ. ಜಯಚಾಮರಾಜ ಒಡೆಯರ್ ಅವರದು 2034ರ ಕೊನೆವರೆಗೂ ಇದೆ. ಶಿಶುನಾಳ ಶರೀಫರು ತೀರಿಕೊಂಡಿದ್ದು 1889ರಲ್ಲಿ, ಅವರ ತತ್ವಪದಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಅದೇ ಪದಕ್ಕೆ ಸಿ. ಅಶ್ವಥ್ ಹಾಕಿದ ರಾಗಸಂಯೋಜನೆಯ ನೊಟೇಶನ್ ಬೇಕು ಅಂದರೆ ಲೆಕ್ಕ ಬೇರೆ. ಅವರು ತೀರಿಕೊಂಡಿದ್ದು 2009ರಲ್ಲಿ, ಅಂದರೆ 2069 ಮುಗಿಯುವವರೆಗೆ ಕಾಪಿರೈಟ್ ಉಂಟು. ದೇವರನಾಮಗಳದ್ದೂ ಇದೇ ಕಥೆ. ದಾಸರು ಹಾಡಿದ ಮೂಲ ಮಟ್ಟು ಬಹುಪಾಲು ಉಳಿದಿಲ್ಲ, ಈಗ ನಾವು ಹಾಡುವ ಎಷ್ಟೋ ಮಟ್ಟುಗಳು ಕಳೆದ ಶತಮಾನದ ವಿದ್ವಾಂಸರವು. ‘ದಾಸರ ಪದ ತಾನೇ, ಯಾರಪ್ಪನ ಆಸ್ತಿ’ ಅಂತ ಇಡೀ ಪುಟ ಎತ್ತೋ ಮೊದಲು ರಾಗ ಯಾರದು ಅಂತ ನೋಡಿಕೊಳ್ಳಿ.

ಪಾಠದ ವಿಚಾರಕ್ಕೆ ಬೇರೆಯೇ ವಿನಾಯಿತಿ ಇದೆ. ಪಾಠದ ಭಾಗವಾಗಿ ಮೇಷ್ಟ್ರು ಅಥವಾ ವಿದ್ಯಾರ್ಥಿ ಪ್ರತಿ ಮಾಡಿಕೊಂಡರೆ ಉಲ್ಲಂಘನೆ ಅಲ್ಲ. ಇದು ಎಷ್ಟು ವಿಶಾಲ ಅನ್ನುವುದು 2016ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿ ಕೇಸಿನಲ್ಲಿ ಗೊತ್ತಾಯಿತು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು ರಾಮೇಶ್ವರಿ ಅನ್ನೋ ಅಂಗಡಿ ಮೇಲೂ ವಿಶ್ವವಿದ್ಯಾಲಯದ ಮೇಲೂ ಕೇಸು ಹಾಕಿದ್ದರು. ಪಾಠಕ್ಕೆ ಅಗತ್ಯ ಇದೆಯಾ ಅನ್ನೋದೇ ಅಳತೆ, ಇಷ್ಟೇ ಪುಟ ಅಂತ ಗೆರೆ ಎಳೆಯೋಕಾಗಲ್ಲ ಅಂತ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು. ಮರುವರ್ಷ ಪ್ರಕಾಶಕರು ಕೇಸನ್ನೇ ವಾಪಸ್ ತಗೊಂಡರು. ಆದರೆ ಅದು ವಿಶ್ವವಿದ್ಯಾಲಯದ ಪಠ್ಯದ ಪ್ರಸಂಗ. ಮೇಷ್ಟ್ರು ಇವತ್ತಿನ ಕೃತಿಯ ಪುಟ ಕೊಟ್ಟರೆ ಪಾಠ ಅನ್ನಬಹುದು, ಪೂರ್ತಿ ಪುಸ್ತಕದ ಪಿಡಿಎಫ್ ವಾಟ್ಸ್ಆಪ್ ಗ್ರೂಪಿಗೆ ಹಾಕಿದ್ದನ್ನು ಪಾಠ ಅನ್ನೋದು ಕಷ್ಟ.

ಇನ್ನೊಂದು ಎಡವಟ್ಟು ಸಂಗೀತ ಸಭಾ, ಕ್ವಾಯರ್ (ವೃಂದಗಾನ) ಕಡೆಯವರದು. ಟಿಕೆಟ್ ಇಲ್ಲದ ಹವ್ಯಾಸಿ ಕಾರ್ಯಕ್ರಮದಲ್ಲಿ ಹಾಡುವುದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ ನಿಜ. ಅದು ಹಾಡುವುದಕ್ಕೆ ಮಾತ್ರ. ಅದಕ್ಕೋಸ್ಕರ ಇಪ್ಪತ್ತು ಸೆಟ್ ಜೆರಾಕ್ಸ್ ಮಾಡಿಸಿದ್ದನ್ನು ಅದು ಕಾಪಾಡುವುದಿಲ್ಲ. ಟ್ರಿನಿಟಿ, ಎಬಿಆರ್‌ಎಸ್ಎಂ ಅನ್ನೋ ಬ್ರಿಟನ್ನಿನ ಸಂಸ್ಥೆಗಳ ಪಿಯಾನೋ ಪರೀಕ್ಷೆಗಂತೂ ಸುಮ್ನೆ ಜೆರಾಕ್ಸ್ ಹಿಡಿದು ಹೋಗಬೇಡಿ, ಅವರ ನಿಯಮದಲ್ಲೇ ಅಸಲಿ ಪ್ರತಿ ಬೇಕು.

ಪುಸ್ತಕ ಅಂಗಡೀಲಿ ಸಿಗುವುದೇ ಇಲ್ಲ ಅಂದರೆ? ಭಾರತದಲ್ಲಿ ಮಾರಾಟಕ್ಕಿಲ್ಲದ ಪುಸ್ತಕವನ್ನು, ಸಂಗೀತದ ಹಾಳೆಯನ್ನೂ ಸೇರಿಸಿ, ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮೂರು ಪ್ರತಿವರೆಗೆ ಮಾಡಿಟ್ಟುಕೊಳ್ಳಬಹುದು. ಜಿಲ್ಲಾ ಲೈಬ್ರರಿಯಲ್ಲಿ ಕೇಳಿ ನೋಡಿ. ಇಲ್ಲದಿದ್ದರೆ ಬರೆದವರಿಗೋ ಅವರ ಮನೆಯವರಿಗೋ ಕಾಗದ ಬರೆದು ಅನುಮತಿ ಕೇಳಿ. ಫೋನಲ್ಲಿ ಹೂಂ ಅಂದರೆ ಸಾಲದು, ಬರಹದಲ್ಲಿ ತಗೊಳ್ಳಿ.