‘ಟೀಮ್ ನೀಡ್ಸ್’ ಅಂದರೆ ಏನು? ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಮುಂಚೆ ತಂಡದ ಕೊರತೆ ಓದುವ ಬಗೆ

ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಕೂರುವಾಗ ಒಂದು ತಂಡಕ್ಕೆ ಯಾವ ಯಾವ ಸ್ಥಾನದಲ್ಲಿ ಆಟಗಾರ ಬೇಕು ಅನ್ನುವ ಪಟ್ಟಿಗೆ ‘ಟೀಮ್ ನೀಡ್ಸ್’ ಅಂತಾರೆ. ಎನ್‌ಎಫ್‌ಎಲ್ ಅಂದರೆ ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್. ಇಲ್ಲಿ ಫುಟ್‌ಬಾಲ್ ಅಂದರೆ ಅಮೆರಿಕನ್ ಫುಟ್‌ಬಾಲ್, ಮೆಸ್ಸಿ ಆಡುವುದಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ಅಲ್ಲಿನ ಅಭಿಮಾನಿಗಳು, ಪತ್ರಕರ್ತರು, ಟಿವಿಯವರು ಎಲ್ಲರೂ ಈ ಪಟ್ಟಿ ಬರೆಯುತ್ತಾರೆ. ತಂಡಗಳು ಮಾತ್ರ ತಮ್ಮ ಪಟ್ಟಿ ಯಾರಿಗೂ ತೋರಿಸುವುದಿಲ್ಲ.

ಡ್ರಾಫ್ಟ್ ಅಂದರೇನು ಅಂತ ಎರಡು ಮಾತು. ಲೀಗ್‌ನಲ್ಲಿ 32 ತಂಡ, ಡ್ರಾಫ್ಟ್‌ನಲ್ಲಿ 7 ಸುತ್ತು. ಕಾಲೇಜು ಆಟ ಮುಗಿಸಿ ಬಂದ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಜಾಸ್ತಿ ಸೋತವರಿಗೆ ಮೊದಲ ಸರದಿ, ಸೂಪರ್ ಬೌಲ್ ಅಂದರೆ ಲೀಗ್‌ನ ಫೈನಲ್ ಗೆದ್ದವರಿಗೆ ಕೊನೆಯದು. ಈ ಸರದಿಗೆ ‘ಪಿಕ್’ ಅಂತ ಹೆಸರು, ಅದನ್ನು ಇನ್ನೊಂದು ತಂಡದ ಜೊತೆ ಅದಲುಬದಲು ಮಾಡಬಹುದು. 1936ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಅವತ್ತು ಎಲ್ಲರಿಗಿಂತ ಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಎನ್‌ಎಫ್‌ಎಲ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಡ್ರಾಫ್ಟ್ ಭವಿಷ್ಯ ಹೇಳುವವರಿಗೆ ಮೊದಲ ದಿನವೇ ಸಿಕ್ಕ ಎಚ್ಚರಿಕೆ ಅನ್ನಿ.

ನಮ್ಮವರಿಗೆ ಐಪಿಎಲ್ ಹರಾಜು ಗೊತ್ತು. ಅಲ್ಲೂ ‘ಡೆತ್ ಬೌಲರ್ ಬೇಕು, ಫಿನಿಷರ್ ಬೇಕು’ ಅಂತ ಲೆಕ್ಕ ಹಾಕುತ್ತೇವೆ. ಆದರೆ ಅಲ್ಲಿ ಕೈಯಲ್ಲಿ ದುಡ್ಡಿದ್ದರೆ ಯಾರ ಮೇಲೆ ಬೇಕಾದರೂ ಕೂಗಬಹುದು. ಇಲ್ಲಿ ನಿಮ್ಮ ಸರದಿ 20ನೆಯದಾದರೆ ಮೊದಲ 19 ಹೆಸರು ಹೋಗುವುದನ್ನು ಸುಮ್ನೆ ಕೂತು ನೋಡಬೇಕು. ಬೇಕಾದ ಸ್ಥಾನದ ಒಳ್ಳೆ ಹುಡುಗ ಅಷ್ಟರಲ್ಲಿ ಹೋಗಿಬಿಟ್ಟಿರಬಹುದು. ಆಗ ಆ ಸ್ಥಾನಕ್ಕೆ ಅಂತ ಎರಡನೇ ದರ್ಜೆಯವನನ್ನು ಎತ್ತಿಕೊಳ್ಳಬೇಕಾ, ಇಲ್ಲ ಸ್ಥಾನ ಯಾವುದಾದರೂ ಇರಲಿ, ಉಳಿದವರಲ್ಲಿ ಉತ್ತಮನನ್ನು ತೆಗೆದುಕೊಳ್ಳಬೇಕಾ? ಡ್ರಾಫ್ಟ್ ಬಗ್ಗೆ ನಡೆಯುವ ಜಗಳದಲ್ಲಿ ಮುಕ್ಕಾಲು ಪಾಲು ಇದೇ.

ಕೊರತೆ ಗುರುತಿಸುವುದು ಮೇಲ್ನೋಟಕ್ಕೆ ಸುಲಭ. ಪ್ರತಿ ತಂಡಕ್ಕೂ ‘ಡೆಪ್ತ್ ಚಾರ್ಟ್’ ಅಂತ ಒಂದಿರುತ್ತದೆ. ಯಾವ ಸ್ಥಾನದಲ್ಲಿ ಯಾರು ಮೊದಲು, ಅವನಿಗೆ ಪೆಟ್ಟಾದರೆ ಯಾರು ಅನ್ನುವ ಪಟ್ಟಿ ಅದು. ಕಳೆದ ಸೀಸನ್‌ನಲ್ಲಿ ಎಲ್ಲಿ ಸೋತರು ಅಂತ ನೋಡಿ, ಚಾರ್ಟ್‌ನಲ್ಲಿ ಆ ಜಾಗಕ್ಕೆ ಬೆರಳಿಟ್ಟು ‘ಇಲ್ಲಿ ತೂತಿದೆ’ ಅಂದುಬಿಟ್ಟರೆ ಆಯಿತು. ಜಾಸ್ತಿ ಜನ ಮಾಡುವುದು ಇಷ್ಟೇ. ತಂಡ ನಡೆಸುವವರು ಚಾರ್ಟ್‌ಗಿಂತ ಮೊದಲು ಒಪ್ಪಂದಗಳನ್ನು ನೋಡುತ್ತಾರೆ. ಯಾರ ಕಾಂಟ್ರ್ಯಾಕ್ಟ್ ಯಾವಾಗ ಮುಗಿಯುತ್ತದೆ, ಅವನ ವಯಸ್ಸೆಷ್ಟು, ಅವನನ್ನು ಉಳಿಸಿಕೊಳ್ಳಲು ಎಷ್ಟು ಖರ್ಚು. ಡ್ರಾಫ್ಟ್ ಆಗಿ ಬಂದ ಹುಡುಗನ ಮೊದಲ ಒಪ್ಪಂದ 4 ವರ್ಷದ್ದು. ಮೊದಲ ಸುತ್ತಿನವನಾದರೆ ಐದನೇ ವರ್ಷ ಉಳಿಸಿಕೊಳ್ಳುವ ಹಕ್ಕು ತಂಡಕ್ಕಿರುತ್ತದೆ. ಹಾಗಾಗಿ ಈ ವರ್ಷದ ಡ್ರಾಫ್ಟ್ ಊಹಿಸಬೇಕಾದರೆ ಆ ತಂಡ ಮೂರು ವರ್ಷದ ಹಿಂದೆ ಯಾರನ್ನು ಆರಿಸಿತ್ತು ಅಂತ ನೋಡುವುದು ಒಳ್ಳೆಯದು. ಅವರ ಒಪ್ಪಂದ ಮುಗಿಯಲು ಒಂದೇ ವರ್ಷ ಬಾಕಿ ಇರುತ್ತದೆ.

ಇದನ್ನು ಗ್ರೀನ್ ಬೇ ಪ್ಯಾಕರ್ಸ್ ತಂಡದಷ್ಟು ಚೆನ್ನಾಗಿ ಯಾರೂ ತೋರಿಸಿಕೊಟ್ಟಿಲ್ಲ. 2019ರ ಸೀಸನ್‌ನಲ್ಲಿ ಅವರು 13 ಪಂದ್ಯ ಗೆದ್ದು ಮೂರು ಸೋತಿದ್ದರು. ಸೂಪರ್ ಬೌಲ್‌ಗೆ ಒಂದೇ ಹೆಜ್ಜೆ ಬಾಕಿ ಇದ್ದಾಗ ಸ್ಯಾನ್ ಫ್ರಾನ್ಸಿಸ್ಕೊ ಎದುರು ಮಕಾಡೆ ಮಲಗಿದರು. ತಂಡದ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಆರನ್ ರಾಡ್ಜರ್ಸ್ ಚೆಂಡು ಎಸೆಯುವುದರಲ್ಲಿ ನಿಸ್ಸೀಮ, ಆದರೆ ಹಿಡಿಯಲು ಡವಾಂಟೆ ಆಡಮ್ಸ್ ಬಿಟ್ಟರೆ ದೊಡ್ಡ ಹೆಸರಿಲ್ಲ. 2020ರ ಏಪ್ರಿಲ್‌ನಲ್ಲಿ ಎಲ್ಲರ ಪಟ್ಟಿಯಲ್ಲೂ ಪ್ಯಾಕರ್ಸ್ ಮುಂದೆ ಒಂದೇ ಪದ: ರಿಸೀವರ್, ಅಂದರೆ ಎಸೆದ ಚೆಂಡು ಹಿಡಿಯುವವನು. ಪ್ಯಾಕರ್ಸ್ ಮಾಡಿದ್ದೇನು? 30ನೇ ಸರದಿಯ ಜೊತೆ ನಾಲ್ಕನೇ ಸುತ್ತಿನ ಪಿಕ್ ಸೇರಿಸಿ ಕೊಟ್ಟು, 26ಕ್ಕೆ ಏರಿ, ಜಾರ್ಡನ್ ಲವ್ ಅನ್ನುವ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ತೆಗೆದುಕೊಂಡರು. ಆ ಡ್ರಾಫ್ಟ್‌ನಲ್ಲಿ ಒಟ್ಟು 9 ಜನರನ್ನು ಆರಿಸಿದರು. ಅದರಲ್ಲಿ ಒಬ್ಬನೂ ರಿಸೀವರ್ ಅಲ್ಲ!

ಊರೆಲ್ಲ ಬೈಯಿತು. ರಾಡ್ಜರ್ಸ್ ಅದರ ಮುಂದಿನ ಎರಡು ಸೀಸನ್‌ನಲ್ಲೂ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಗೆದ್ದಾಗ ಬೈಗುಳ ಇನ್ನೂ ಜೋರಾಯಿತು. ಆದರೆ ತಂಡ ನೋಡಿದ್ದು ಅವನ ವಯಸ್ಸನ್ನು. ಆಗ ಅವನಿಗೆ 36. ಇದೇ ತಂಡ 2005ರಲ್ಲಿ, ಬ್ರೆಟ್ ಫಾರ್ವ್‌ಗೆ 35 ಆಗಿದ್ದಾಗ, 24ನೇ ಸರದಿಯಲ್ಲಿ ಇದೇ ರಾಡ್ಜರ್ಸ್‌ನನ್ನು ಆರಿಸಿ ಮೂರು ವರ್ಷ ಬೆಂಚಿನ ಮೇಲೆ ಕೂರಿಸಿತ್ತು. ಲವ್ ಕೂಡ ಮೂರು ವರ್ಷ ಕೂತ. 2023ರಲ್ಲಿ ರಾಡ್ಜರ್ಸ್ ನ್ಯೂಯಾರ್ಕ್ ಜೆಟ್ಸ್‌ಗೆ ಹೋದ. ಅದೇ ಸೀಸನ್‌ನಲ್ಲಿ ಲವ್ ತಂಡವನ್ನು ಪ್ಲೇಆಫ್‌ಗೆ ಕರೆದುಕೊಂಡು ಹೋಗಿ ಡಲ್ಲಾಸ್ ಕೌಬಾಯ್ಸ್‌ನ 48-32ರಲ್ಲಿ ಸೋಲಿಸಿದ. ಅಂದರೆ ಎಲ್ಲರೂ 2020ರ ಕೊರತೆಯ ಬಗ್ಗೆ ಮಾತಾಡುತ್ತಿದ್ದಾಗ ಪ್ಯಾಕರ್ಸ್ 2023ರ ಕೊರತೆ ತುಂಬಿಸುತ್ತಿದ್ದರು. ಒಂದು ಮಾತು ಮಾತ್ರ ಒಪ್ಪಬೇಕು. 2020ರಲ್ಲೇ ಒಬ್ಬ ಒಳ್ಳೆ ರಿಸೀವರ್ ಬಂದಿದ್ದರೆ ರಾಡ್ಜರ್ಸ್ ಕೈಗೆ ಇನ್ನೊಂದು ಸೂಪರ್ ಬೌಲ್ ಸಿಗುತ್ತಿತ್ತೇನೋ ಅನ್ನುವ ಅಭಿಮಾನಿಯ ಸಂಕಟ ಸುಳ್ಳಲ್ಲ.

ಇನ್ನು ಸ್ಥಾನದ ಬೆಲೆಯ ವಿಷಯ. ಇದು ಗೊತ್ತಿಲ್ಲದೆ ನೀಡ್ಸ್ ಪಟ್ಟಿ ಓದಿದರೆ ಅರ್ಧ ತಿಳಿದ ಹಾಗೆ. ಎನ್‌ಎಫ್‌ಎಲ್‌ನಲ್ಲಿ 1994ರಿಂದ ಸ್ಯಾಲರಿ ಕ್ಯಾಪ್ ಇದೆ. ಒಂದು ತಂಡ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬಹುದು ಅನ್ನುವ ಮಿತಿ. 2025ರಲ್ಲಿ ಅದು 27.92 ಕೋಟಿ ಡಾಲರ್. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2011ರ ಒಪ್ಪಂದದ ನಂತರ ಹೊಸಬರ ಸಂಬಳವೂ ಹೆಚ್ಚುಕಮ್ಮಿ ನಿಗದಿ. ಅದು ಸರದಿ ನೋಡುತ್ತದೆ, ಆಡುವ ಸ್ಥಾನ ನೋಡುವುದಿಲ್ಲ. ಮೂರನೇ ಸರದಿಯಲ್ಲಿ ಬಂದವನು ಕ್ವಾರ್ಟರ್‌ಬ್ಯಾಕ್ ಆದರೂ ಅಷ್ಟೇ, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಆದರೂ ಅಷ್ಟೇ.

ಲೆಕ್ಕ ಹಾಕಿ ನೋಡೋಣ. 2025ರಲ್ಲಿ ಮೊದಲನೆಯವನಾಗಿ ಟೆನೆಸ್ಸಿ ಟೈಟನ್ಸ್‌ಗೆ ಹೋದ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ವಾರ್ಡ್‌ಗೆ 4 ವರ್ಷಕ್ಕೆ ಸುಮಾರು 4.9 ಕೋಟಿ ಡಾಲರ್. ವರ್ಷಕ್ಕೆ 1.2 ಕೋಟಿ ಅಂದುಕೊಳ್ಳಿ. ಹಳಬನಾದ ಡಾಕ್ ಪ್ರೆಸ್ಕಾಟ್‌ಗೆ ಡಲ್ಲಾಸ್ 2024ರಲ್ಲಿ ಒಪ್ಪಿಕೊಂಡಿದ್ದು ವರ್ಷಕ್ಕೆ 6 ಕೋಟಿ. ಹೊಸ ಹುಡುಗ ಗೆದ್ದುಬಿಟ್ಟರೆ ವರ್ಷಕ್ಕೆ 4.8 ಕೋಟಿ ಉಳಿತಾಯ. ಅದೇ 2025ರಲ್ಲಿ ಆರನೆಯವನಾಗಿ ಲಾಸ್ ವೇಗಸ್ ರೈಡರ್ಸ್‌ಗೆ ಹೋದ ರನ್ನಿಂಗ್ ಬ್ಯಾಕ್ ಆಷ್ಟನ್ ಜೆಂಟಿಗೆ ವರ್ಷಕ್ಕೆ ಸುಮಾರು 90 ಲಕ್ಷ. ಅದೇ ಸ್ಥಾನದ ದೊಡ್ಡ ತಾರೆ ಸೇಕ್ವಾನ್ ಬಾರ್ಕ್ಲಿಗೆ ಫಿಲಡೆಲ್ಫಿಯಾ ಕೊಟ್ಟಿದ್ದು ವರ್ಷಕ್ಕೆ 2 ಕೋಟಿ ಚಿಲ್ಲರೆ. ಇಲ್ಲಿ ಉಳಿಯುವುದು ಒಂದು ಕೋಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಹಾಗಾಗಿ ಮೊದಲ ಸುತ್ತಿನ ಮೇಲ್ಭಾಗದಲ್ಲಿ ಒಂದೇ ನಮೂನೆಯ ಸ್ಥಾನಗಳು ಮತ್ತೆ ಮತ್ತೆ ಬರುತ್ತವೆ. ಕ್ವಾರ್ಟರ್‌ಬ್ಯಾಕ್, ಅವನನ್ನು ಕಾಯುವ ಟ್ಯಾಕಲ್, ಅವನನ್ನು ಬೀಳಿಸಲು ಅಂಚಿನಿಂದ ನುಗ್ಗುವ ಎಡ್ಜ್ ರಷರ್, ಚೆಂಡು ಹಿಡಿಯುವ ರಿಸೀವರ್, ಆ ರಿಸೀವರ್ ಬೆನ್ನು ಬೀಳುವ ಕಾರ್ನರ್‌ಬ್ಯಾಕ್. ಒಂದು ತಂಡಕ್ಕೆ ಸೆಂಟರ್ (ಕ್ವಾರ್ಟರ್‌ಬ್ಯಾಕ್ ಕೈಗೆ ಚೆಂಡು ಕೊಡುವವನು) ಸ್ಥಾನದಲ್ಲಿ ದೊಡ್ಡ ತೂತಿದ್ದರೂ ಐದನೇ ಸರದಿಯಲ್ಲಿ ಸೆಂಟರ್ ತೆಗೆದುಕೊಳ್ಳುತ್ತಾರೆ ಅಂತ ಪಂತ ಕಟ್ಟಬೇಡಿ. ಆ ಕೊರತೆ ನಿಜ. ಅದನ್ನು ಎರಡನೇ ಅಥವಾ ಮೂರನೇ ಸುತ್ತಿನಲ್ಲೋ, ಒಪ್ಪಂದ ಮುಗಿದ ಹಳಬರನ್ನು ಕೊಳ್ಳುವ ಮಾರ್ಚ್‌ನ ಫ್ರೀ ಏಜೆನ್ಸಿಯಲ್ಲೋ ತುಂಬಿಸುತ್ತಾರೆ.

ಸಿನ್ಸಿನಾಟಿ ಬೆಂಗಾಲ್ಸ್ ತಂಡದ 2021ರ ಕಥೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. 2020ರ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಬಂದ ಕ್ವಾರ್ಟರ್‌ಬ್ಯಾಕ್ ಜೋ ಬರೋ ಅದೇ ನವೆಂಬರ್‌ನಲ್ಲಿ ಎಡ ಮೊಣಕಾಲಿಗೆ ಭಾರಿ ಪೆಟ್ಟು ಮಾಡಿಕೊಂಡು ಹೊರಬಿದ್ದ. ಅವನನ್ನು ಕಾಯುವ ಸಾಲು ಜಾಳುಜಾಳಾಗಿತ್ತು. ಮುಂದಿನ ಏಪ್ರಿಲ್‌ನಲ್ಲಿ ಬೆಂಗಾಲ್ಸ್‌ಗೆ ಐದನೇ ಸರದಿ. ಎದುರಿಗೆ ಇಬ್ಬರು: ಟ್ಯಾಕಲ್ ಪೆನೆ ಸ್ಯೂಯಲ್, ರಿಸೀವರ್ ಜಮಾರ್ ಚೇಸ್. ಚೇಸ್ ಕಾಲೇಜಿನಲ್ಲಿ ಬರೋ ಜೊತೆಗೇ ಆಡಿ ರಾಷ್ಟ್ರ ಚಾಂಪಿಯನ್ ಆದವನು. ಮೊಣಕಾಲಿನ ಗಾಯ ಕಣ್ಣೆದುರಿಗೇ ಇತ್ತು, ಸ್ಯೂಯಲ್ ಬೇಕು ಅಂದವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಬೆಂಗಾಲ್ಸ್ ಚೇಸ್‌ನನ್ನು ಆರಿಸಿದರು.

ಆಮೇಲೆ ಏನಾಯಿತು ಅಂದರೆ ಎರಡೂ ಕಡೆಯವರು ಗೆದ್ದರು. ಚೇಸ್ ಮೊದಲ ವರ್ಷವೇ ಚೆಂಡು ಹಿಡಿದು 1,455 ಯಾರ್ಡ್ ಗಳಿಸಿದ. ಅದರ ಹಿಂದಿನ ವರ್ಷ ನಾಲ್ಕೇ ಪಂದ್ಯ ಗೆದ್ದಿದ್ದ ತಂಡ ಸೂಪರ್ ಬೌಲ್ ಮುಟ್ಟಿತು. ಜೊತೆಗೆ ಬರೋ ಆ ಸೀಸನ್‌ನಲ್ಲಿ 51 ಸಲ ಎದುರಾಳಿಗಳ ಕೈಲಿ ನೆಲ ಕಚ್ಚಿದ. ಟೆನೆಸ್ಸಿ ಎದುರಿನ ಪ್ಲೇಆಫ್ ಪಂದ್ಯದಲ್ಲೇ 9 ಸಲ, ಆದರೂ ಗೆದ್ದರು. ಸೂಪರ್ ಬೌಲ್‌ನಲ್ಲಿ 7 ಸಲ. ಎದುರಾಳಿ ಲಾಸ್ ಏಂಜಲೀಸ್ ರಾಮ್ಸ್ 23-20ರಿಂದ ಮುಂದಿದ್ದಾಗ, ಕೊನೆಯ ಅವಕಾಶದಲ್ಲಿ ಚೆಂಡು ಕೈಯಲ್ಲಿ ಉಳಿಸಿಕೊಳ್ಳಲು ಬೆಂಗಾಲ್ಸ್‌ಗೆ ಒಂದೇ ಯಾರ್ಡ್ ಬೇಕಿತ್ತು. ರಾಮ್ಸ್‌ನ ಆರನ್ ಡೊನಾಲ್ಡ್ ನುಗ್ಗಿ ಬಂದು ಬರೋನನ್ನು ಹಿಡಿದು ತಿರುಗಿಸಿದ, ಚೆಂಡು ಎಲ್ಲೋ ಹೋಯಿತು, ಕಥೆ ಮುಗಿಯಿತು. ಮುಂದಿನ ತಿಂಗಳು ಬೆಂಗಾಲ್ಸ್ ಮಾರುಕಟ್ಟೆಗೆ ಹೋಗಿ ಕ್ವಾರ್ಟರ್‌ಬ್ಯಾಕ್ ಕಾಯುವ ಸಾಲಿಗೆ ಮೂವರು ಲೈನ್‌ಮನ್‌ಗಳನ್ನು ಒಟ್ಟಿಗೇ ತಂದರು. ಕೊರತೆಯ ಪಟ್ಟಿ ಬರೆದವರು ತಪ್ಪು ಹೇಳಿರಲಿಲ್ಲ, ತೂತು ಅಲ್ಲೇ ಇತ್ತು. ನನ್ನ ಪ್ರಕಾರ ಬೆಂಗಾಲ್ಸ್ ಆಯ್ಕೆಯೂ ಸರಿಯೇ. ಚೇಸ್ ಥರದವನು ಮಾರ್ಚ್‌ನ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ, ಲೈನ್‌ಮನ್ ಒಂದು ಮಟ್ಟಿಗೆ ಸಿಗುತ್ತಾನೆ. ಇತ್ತ ಸ್ಯೂಯಲ್ ಎರಡು ಸರದಿ ಆಚೆ ಡೆಟ್ರಾಯಿಟ್‌ಗೆ ಹೋಗಿ ಅಲ್ಲಿ ದೊಡ್ಡ ಹೆಸರು ಮಾಡಿದ.

ಮಾರ್ಚ್ ಬಗ್ಗೆ ಹೇಳಿದೆ, ಅಲ್ಲಿ ಒಂದು ಸುಳಿವಿದೆ. ಡ್ರಾಫ್ಟ್‌ಗೆ ಆರು ವಾರ ಮುಂಚೆ ಫ್ರೀ ಏಜೆನ್ಸಿ ಶುರು. ಒಪ್ಪಂದ ಮುಗಿದ ಹಳಬರನ್ನು ತಂಡಗಳು ಆಗ ಕೊಳ್ಳುತ್ತವೆ. ಜನವರಿಯ ಪಟ್ಟಿ ಅಷ್ಟರಲ್ಲಿ ಹಳತಾಗಿರುತ್ತದೆ. ಆದರೆ ಯಾರನ್ನು ತಂದರು ಅನ್ನುವುದಕ್ಕಿಂತ ಎಷ್ಟು ವರ್ಷಕ್ಕೆ ತಂದರು ಅಂತ ನೋಡಿ. 32 ವಯಸ್ಸಿನ ಕಾರ್ನರ್‌ಬ್ಯಾಕ್‌ನನ್ನು ಒಂದು ವರ್ಷಕ್ಕೆ ತಂದರೆ ಅದು ತೇಪೆ. ಆ ಸ್ಥಾನ ಪಟ್ಟಿಯಲ್ಲಿ ಉಳಿಯಲಿ. ಮೂರ್ನಾಲ್ಕು ವರ್ಷಕ್ಕೆ ಭಾರಿ ದುಡ್ಡು ಕೊಟ್ಟು 26ರ ಹುಡುಗನನ್ನು ತಂದರೆ ಆ ಸಾಲು ಹೊಡೆದುಹಾಕಬಹುದು. ಕೋಚ್ ಬದಲಾದರೂ ಪಟ್ಟಿ ಬದಲಾಗುತ್ತದೆ. ಹೊಸಬನ ಪದ್ಧತಿಗೆ ಹಳಬನ ಆಟಗಾರರು ಒಗ್ಗದೆ ಇರಬಹುದು. ಇನ್ನು ಏಪ್ರಿಲ್‌ನಲ್ಲಿ ತಂಡದವರೇ ಹರಿಬಿಡುವ ಸುದ್ದಿಗಳನ್ನು ಅಷ್ಟೇನೂ ನಂಬಬೇಡಿ. ಬೇರೆಯವರ ದಾರಿ ತಪ್ಪಿಸಲಿಕ್ಕೆ ಅಂತಲೇ ಅವು ಬರುತ್ತವೆ.

ಮಾರ್ಚ್ ನೋಡಿ ಸಾಲು ಹೊಡೆದವರೆಲ್ಲ 2024ರಲ್ಲಿ ಅಟ್ಲಾಂಟಾ ಫಾಲ್ಕನ್ಸ್ ಕೈಯಲ್ಲಿ ಮೋಸ ಹೋದರು. ಆ ಮಾರ್ಚ್‌ನಲ್ಲಿ ಫಾಲ್ಕನ್ಸ್ ಕರ್ಕ್ ಕಸಿನ್ಸ್‌ಗೆ 4 ವರ್ಷಕ್ಕೆ 18 ಕೋಟಿ ಡಾಲರ್ ಒಪ್ಪಂದ ಕೊಟ್ಟರು. ಅದರಲ್ಲಿ 10 ಕೋಟಿ ಗ್ಯಾರಂಟಿ. ಕ್ವಾರ್ಟರ್‌ಬ್ಯಾಕ್ ಚಿಂತೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಆ ತಂಡದ ಹಳೇ ಕಾಯಿಲೆ ಅಂದರೆ ಎಡ್ಜ್ ರಷರ್ ಇಲ್ಲದಿರುವುದು. ಡ್ರಾಫ್ಟ್‌ನಲ್ಲಿ ಅವರದು ಎಂಟನೇ ಸರದಿ. ಆ ವರ್ಷ ಮೊದಲ 14 ಸರದಿಯಲ್ಲಿ ಡಿಫೆನ್ಸ್ ಆಟಗಾರ ಒಬ್ಬನೂ ಹೋಗಲಿಲ್ಲ. ಅಂದರೆ ಇಡೀ ಡ್ರಾಫ್ಟ್‌ನ ಎಡ್ಜ್ ರಷರ್‌ಗಳಲ್ಲಿ ಯಾರನ್ನು ಬೇಕಾದರೂ ಫಾಲ್ಕನ್ಸ್ ತೆಗೆದುಕೊಳ್ಳಬಹುದಿತ್ತು. ಅವರು ತೆಗೆದುಕೊಂಡಿದ್ದು ಮೈಕಲ್ ಪೆನಿಕ್ಸ್ ಜೂನಿಯರ್, ಅಂದರೆ ಮತ್ತೊಬ್ಬ ಕ್ವಾರ್ಟರ್‌ಬ್ಯಾಕ್.

ಪ್ಯಾಕರ್ಸ್ ತರ್ಕವೇ ಇದು ಅನ್ನಬಹುದು. ಕಸಿನ್ಸ್‌ಗೂ ಆಗ 35, ಹಿಂದಿನ ಅಕ್ಟೋಬರ್‌ನಲ್ಲಿ ಹಿಮ್ಮಡಿಯ ನರ ಹರಿದುಕೊಂಡಿದ್ದ. ಆದರೆ ಪ್ಯಾಕರ್ಸ್ ಆರು ವಾರ ಮುಂಚೆ ಅದೇ ಸ್ಥಾನಕ್ಕೆ 10 ಕೋಟಿ ಗ್ಯಾರಂಟಿ ಕೊಟ್ಟಿರಲಿಲ್ಲ. ನನಗೆ ಇವತ್ತಿಗೂ ಕಸಿನ್ಸ್ ಒಪ್ಪಂದ, ಪೆನಿಕ್ಸ್ ಆಯ್ಕೆ ಎರಡೂ ಒಂದೇ ಕಟ್ಟಡದಲ್ಲಿ ಆಗಿದ್ದು ಅಂತ ನಂಬಿಕೆ ಬರುವುದಿಲ್ಲ. ಡಿಸೆಂಬರ್‌ನಲ್ಲಿ ಕಸಿನ್ಸ್‌ನನ್ನು ಬೆಂಚಿಗೆ ಕಳಿಸಿ, ಕೊನೆಯ ಮೂರು ಪಂದ್ಯ ಪೆನಿಕ್ಸ್ ಕೈಗೆ ಕೊಟ್ಟರು.

ಎಡ್ಜ್ ರಷರ್ ಕೊರತೆ ಏನಾಯಿತು? 2024ರ ಆಗಸ್ಟ್‌ನಲ್ಲಿ ಮ್ಯಾಥ್ಯೂ ಜೂಡನ್‌ಗೋಸ್ಕರ 2025ರ ಮೂರನೇ ಸುತ್ತಿನ ಪಿಕ್ ಕೊಟ್ಟರು. ಅದು ಸಾಲಲಿಲ್ಲ. 2025ರ ಡ್ರಾಫ್ಟ್‌ನಲ್ಲಿ 15ನೇ ಸರದಿಯಲ್ಲಿ ಜೇಲನ್ ವಾಕರ್‌ನನ್ನು ಆರಿಸಿದರು, ಅವನೂ ಅಂಚಿನಿಂದ ನುಗ್ಗುವವನೇ. ಅದೇ ರಾತ್ರಿ ಮತ್ತೆ 26ಕ್ಕೆ ಏರಿ ಇನ್ನೊಬ್ಬ ಎಡ್ಜ್ ರಷರ್ ಜೇಮ್ಸ್ ಪಿಯರ್ಸ್ ಜೂನಿಯರ್‌ನನ್ನು ತೆಗೆದುಕೊಂಡರು. ಆ ಏರಿಕೆಗೆ ರಾಮ್ಸ್‌ಗೆ ಕೊಟ್ಟಿದ್ದರಲ್ಲಿ 2026ರ ಮೊದಲ ಸುತ್ತಿನ ಪಿಕ್ ಕೂಡ ಇತ್ತು. ಹೀಗಾಗಿ 2026ಕ್ಕೆ ಫಾಲ್ಕನ್ಸ್ ನೀಡ್ಸ್ ಪಟ್ಟಿ ಬರೆಯಲು ಕೂತವರು ಎರಡನೇ ಸುತ್ತಿನಿಂದ ಶುರು ಮಾಡಬೇಕಾಯಿತು.